ಎರಡು ಮೊನೆಯ ಸೂಜಿ

ಕಾಲರಕ್ಕನಿಗೆ ಸಿಟ್ಟು ಬರುವುದು ಕಡಿಮೆ, ಹೇಸಿಗೆ ಬರುವುದು ಹೆಚ್ಚು. ಸಿಟ್ಟು ಬಂದರೆ ನಾಲ್ಕು ಮಾತು ಕೂಗಾಡಿ ಇಳಿಸಿಕೊಳ್ಳಬಹುದು. ಹೇಸಿಗೆ ಹಾಗಲ್ಲ, ಗಂಟಲಲ್ಲಿ ಕೂತು ಊಟ ಕೆಡಿಸುತ್ತದೆ. ಅವಳ ಬದುಕಿನಲ್ಲಿ ಎಷ್ಟು ಊಟ ಹೀಗೆ ಕೆಟ್ಟಿತೋ ಲೆಕ್ಕವಿಟ್ಟವರಿಲ್ಲ. ಗಂಡ ಎಂಬವನು ಬೇರೆ ಊರಲ್ಲಿ ಬೇರೆ ಸಂಸಾರ ಹೂಡಿದಾಗಲೂ ಅವಳು ಅಳಲಿಲ್ಲ, ಬೈಯಲಿಲ್ಲ. ಅವನು ಬಿಟ್ಟು ಹೋದ ಅಂಗಿಗಳನ್ನು ಹರಿದು ಒರೆಸುವ ಬಟ್ಟೆ ಮಾಡಿಕೊಂಡು ತಂಗಿಯ ಮನೆಗೆ ಬಂದುಬಿಟ್ಟಳು.

ಅವಳಿಗೆ ಆ ಹೆಸರು ಬಂದದ್ದು ಕೆಲಸದಿಂದ. ಹೊರದೇಶಕ್ಕೆ ಅಂಗಿ ಹೊಲಿದು ಕಳಿಸುವ ಗಾರ್ಮೆಂಟ್ಸಿನಲ್ಲಿ ಇಪ್ಪತ್ತು ವರ್ಷದ ಹತ್ತಿರ ಅವಳು ಬರೀ ಕಾಲರ್ ಕೂರಿಸಿದಳು. ತೋಳು ಕೂರಿಸುವವಳು ಬೇರೆ, ಗುಂಡಿ ಹಾಕುವವಳು ಬೇರೆ, ಒಂದು ಇಡೀ ಅಂಗಿಯನ್ನು ಆ ಕಟ್ಟಡದಲ್ಲಿ ಯಾರೂ ಹೊಲಿದದ್ದಿಲ್ಲ. "ನಾನು ಹೊಲಿದಿದ್ದನ್ನ ತೊಟ್ಟವರು ಎಷ್ಟು ಲಕ್ಷ ಜನಾನೋ. ಒಬ್ಬರ ಮುಖ ನೋಡಿಲ್ಲ, ಕುತ್ತಿಗೆ ಅಳತೆ ಮಾತ್ರ ಗೊತ್ತು" ಎಂದು ಅವಳು ನಗುತ್ತಿದ್ದಳು. ಆಗ ಇನ್ನೂ ನಗುತ್ತಿದ್ದ ಕಾಲ.

ತಂಗಿಯ ಮನೆ ಎಂದರೆ ಎರಡು ಕೋಣೆ. ಹಿಂದಿನದರಲ್ಲಿ ಒಲೆ, ಪಾತ್ರೆ, ಹಾಸಿಗೆ ಎಲ್ಲವೂ. ಬೀದಿಗೆ ತೆರೆದುಕೊಳ್ಳುವ ಮುಂದಿನ ಕೋಣೆಯಲ್ಲಿ ತಂಗಿಯ ಮಷೀನು. ಅದು ಮನೆಯಲ್ಲಿ ಹೊಲಿಯುವವರು ಇಟ್ಟುಕೊಳ್ಳುವ ಸಣ್ಣ ಮಷೀನಲ್ಲ. ಮುಚ್ಚಿಹೋದ ಯಾವುದೋ ಫ್ಯಾಕ್ಟರಿಯಿಂದ ಹಳೇ ಸಾಮಾನಿನ ಬೆಲೆಗೆ ತಂದ ದೊಡ್ಡ ಮೋಟರ್ ಮಷೀನು. ಶುರು ಮಾಡಿದರೆ ಗೋಡೆಯ ಕನ್ನಡಿ ನಡುಗುತ್ತಿತ್ತು. ತಂಗಿಗೆ ಫ್ಯಾಕ್ಟರಿ ಎಂದರೆ ಆಗದು. "ಅಕ್ಕ ಅರ್ಧ ಅಂಗಿಯವಳು, ನಾನು ಪೂರ್ತಿ ಅಂಗಿಯವಳು" ಎಂದು ಬೀಗುತ್ತಿದ್ದಳು. ಬೀದಿಯ ಮಕ್ಕಳ ಶಾಲೆಯ ಬಟ್ಟೆ, ದೊಡ್ಡವರ ಪರದೆ, ಹೊದಿಕೆ ಎಲ್ಲ ಅವಳ ಕೈಯಲ್ಲೇ ಹೊಲಿಸಿಕೊಂಡು ಹೋಗುತ್ತಿದ್ದರು.

ಇಷ್ಟಕ್ಕೆ ಸುಮ್ಮನಿದ್ದರೆ ಸರ್ಕಾರ ಎಂದು ಯಾರು ಕರೆಯುತ್ತಾರೆ? ಒಂದು ದಿನ ಮಂತ್ರಿಯೊಬ್ಬರಿಗೆ ಜ್ಞಾನೋದಯವಾಯಿತು. ಸೂಜಿಯಂಥ ಸೂಜಿಯನ್ನೂ ಹೊರಗಿನಿಂದ ತರಿಸಿಕೊಳ್ಳುವ ದೇಶಕ್ಕೆ ಮಾನವಿದೆಯೇ ಎಂದು ಟಿವಿಯಲ್ಲಿ ಕೇಳಿದರು. ಕೇಳಿದ್ದೇನೋ ನ್ಯಾಯವಾಗಿಯೇ ಇತ್ತು, ಮನೆಯಲ್ಲಿ ಮೊದಲು ತಲೆಯಾಡಿಸಿದ್ದೂ ತಂಗಿಯೇ. ಹೊರಗಿನ ಹೊಲಿಗೆ ಸೂಜಿಯ ಮೇಲೆ ಸುಂಕ ಬಿತ್ತು. ಎಂಥ ಸುಂಕ ಎಂದರೆ, ಅಂಗಡಿಯವರು ಆ ಸೂಜಿ ತರಿಸುವುದನ್ನೇ ಬಿಟ್ಟರು. ಊರಾಚೆ ಸರ್ಕಾರದ ಜಾಗದಲ್ಲಿ, ಸರ್ಕಾರದ ಸಾಲದಲ್ಲಿ ಸೂಜಿ ಕಂಪನಿಯೊಂದು ಎದ್ದು ನಿಂತಿತು. ದೇಶಕ್ಕೆಲ್ಲ ಅದೊಂದೇ. ಸುಂಕವಿಲ್ಲದೆ ಹೊರಗಿನ ಸೂಜಿ ತರಿಸಿಕೊಳ್ಳುವ ಹಕ್ಕು ಉಳಿದದ್ದು ಗಾರ್ಮೆಂಟ್ಸಿನವರಿಗೆ ಮಾತ್ರ, ಏಕೆಂದರೆ ಅವರು ಹೊಲಿಯುವುದು ಹೊರಗಿನವರಿಗೆ. ರಫ್ತು ಮಾಡುವವರಿಗೆ ತೊಂದರೆಯಾಗಬಾರದಲ್ಲ. ತೊಂದರೆ ಏನಿದ್ದರೂ ಒಳಗಿನವರಿಗೇ ಇರಲಿ.

ತಂಗಿಯ ಗಂಡನಿಗೆ ಆ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಅದುವರೆಗೆ ಅವನು ಗೋದಾಮಿನ ಕೆಲಸ ಹೋಗಿ ಹೊಸ್ತಿಲ ಬಳಿ ಕೂತು ಬೀದಿಯ ನಾಯಿಗಳಿಗೆಲ್ಲ ಹೆಸರಿಟ್ಟು ಮುಗಿಸಿದ್ದ. ಈಗ ಸೂಜಿಗೆ ಪಾಲಿಶ್ ಹಾಕುವ ವಿಭಾಗದಲ್ಲಿ ನಿಲ್ಲತೊಡಗಿದ. ಸಂಜೆ ಬಂದರೆ ಉಗುರಿನ ಸಂದಿಯಲ್ಲಿ ಬೂದುಬಣ್ಣದ ಹೊಳಪು. ಎಷ್ಟು ತಿಕ್ಕಿದರೂ ಹೋಗದು. ಬೀದಿಯವರು ಅವನನ್ನು ಪಾಲಿಶ್ ಎಂದೇ ಕರೆದರು. ಮನೆಗೆ ಸುಣ್ಣ ಹೊಡೆಸಿದರು, ಹಿಂದಿನ ಕೋಣೆಗೊಂದು ಫ್ಯಾನು ಬಂತು. ಆ ದಿನಗಳಲ್ಲಿ ಕಾಲರಕ್ಕನೂ ಮಂತ್ರಿಯನ್ನು ಮನಸಾರೆ ಹರಸಿದ್ದುಂಟು. ಸುಳ್ಳೇಕೆ ಹೇಳಬೇಕು?

ಆಮೇಲೆ ಅಂಗಡಿಯ ಹಳೇ ಸೂಜಿ ಮುಗಿದು ಹೊಸದು ಬಂತು. ಬೆಲೆ ಮೊದಲಿನದಕ್ಕಿಂತ ಜಾಸ್ತಿ, ಗುಣ ದೇವರೇ ಗತಿ. ಪರದೆಯ ಅಂಚು ಮಡಚಿ ಕೊಟ್ಟರೆ ಟಕ್. ಜೇಬಿನ ಮೂಲೆಗೆ ಬಂದರೆ ಟಕ್. ಮುರಿಯದಿದ್ದರೆ ಬಾಗುತ್ತಿತ್ತು, ಬಾಗದಿದ್ದರೆ ದಾರ ಕಡಿಯುತ್ತಿತ್ತು. ಮುರಿದ ಚೂರು ಯಾರ ಕಾಲಿಗಾದರೂ ಚುಚ್ಚೀತೆಂದು ತಂಗಿ ಅವನ್ನೆಲ್ಲ ಒಂದು ತಗಡಿನ ಡಬ್ಬಿಗೆ ಹಾಕಿಡುತ್ತಿದ್ದಳು. ಅಲ್ಲಾಡಿಸಿದರೆ ಗಿಲಕಿಯ ಹಾಗೆ ಸದ್ದು ಮಾಡುವಷ್ಟು ಚೂರು ಸೇರಿತು.

"ರೀ, ಇದೇನು ಸೂಜಿನಾ, ಹಂಚಿಕಡ್ಡಿನಾ?" ಎಂದಳು ತಂಗಿ ಒಂದು ಸಂಜೆ.

"ನಿನ್ನ ಮಷೀನು ಹಳೇದು ಕಣೇ" ಎಂದ ಪಾಲಿಶ್.

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ. ಮೊನ್ನೆವರೆಗೂ ಇದೇ ಮಷೀನು ಸರಿಯಾಗಿತ್ತಲ್ಲ?"

ಪಾಲಿಶ್ ಸುಳ್ಳು ಹೇಳುವ ಗಂಡಸಲ್ಲ, ಅದೊಂದು ಅವನ ಕಷ್ಟ. ಉಗುರು ನೋಡಿಕೊಂಡು ಹೇಳಿದ: "ತಂತಿ ಬರೋದೇ ಹಾಗೆ. ಹದ ಹಾಕೋ ಕುಲುಮೇಲಿ ಬೇಗ ಬೇಗ ತೆಗೀತಾರೆ. ನಾನು ಒಂದ್ಸಲ ಕೇಳಿದೆ. ಮೇಲಿನವರು ಏನಂದ್ರು ಗೊತ್ತಾ? ಬೇರೆ ಯಾರ ಹತ್ರ ಕೊಂಡ್ಕೋತಾರಪ್ಪಾ ಇವರು, ಅಂದ್ರು."

ಕಾಲರಕ್ಕ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಳಿಸಿದಳು.

ಅವಳಿಗೆ ಹೇಸಿಗೆ ಬರಲು ಬೇರೆ ಕಾರಣವೂ ಇತ್ತು. ಹಗಲೆಲ್ಲ ಅವಳು ಹೊಲಿಯುತ್ತಿದ್ದುದು ಹೊರದೇಶದ ಸೂಜಿಯಲ್ಲಿ. ಬೆಣ್ಣೆಯಲ್ಲಿ ಇಳಿದಂತೆ ಇಳಿಯುವ ಸೂಜಿ. ಸಂಜೆ ಮನೆಗೆ ಬಂದರೆ ಟಕ್, ಟಕ್. ಗಾರ್ಮೆಂಟ್ಸಿನಲ್ಲಿ ಸೂಜಿಗೆ ಇದ್ದ ಮರ್ಯಾದೆ ಮನುಷ್ಯರಿಗಿರಲಿಲ್ಲ. ಅಪ್ಪಿತಪ್ಪಿ ಒಂದು ಮುರಿದರೆ ಮಷೀನು ನಿಲ್ಲಿಸಿ ಕೈ ಎತ್ತಬೇಕು. ಚೂರುಗಳನ್ನೆಲ್ಲ ಹುಡುಕಿ, ಮೂಲೆಯ ಸೂಜಿ ಕಿಟಕಿಗೆ ಒಯ್ದು ಕೊಡಬೇಕು. ಕಿಟಕಿಯ ಹಿಂದಿನ ಮುದುಕ ಚೂರುಗಳನ್ನು ಬಿಳಿ ಕಾಗದದ ಮೇಲೆ ಒಂದಕ್ಕೊಂದು ತಾಗಿಸಿ, ಬುಡದಿಂದ ಮೊನೆಯವರೆಗೆ ಪೂರ್ತಿ ಸೂಜಿಯಾಯಿತೆಂದು ನೋಡಿದ ಮೇಲೆಯೇ ಹೊಸದು ಕೊಡುವುದು. ಒಂದು ಚೂರು ಕಮ್ಮಿ ಬಿದ್ದರೂ ಗಂಟೆ ಹೊಡೆದು ಇಡೀ ಸಾಲು ನಿಲ್ಲಿಸುತ್ತಿದ್ದರು. ಅಲ್ಲಿಯ ಯಾವನೋ ಪುಣ್ಯಾತ್ಮನ ಕುತ್ತಿಗೆಗೆ ಇಲ್ಲಿಯ ಸೂಜಿ ಚುಚ್ಚಬಾರದು. ಅದು ಸರಿಯಾದ ನಿಯಮವೇ, ಇಲ್ಲವೆನ್ನುವುದಿಲ್ಲ. ಇಲ್ಲಿಯ ಕುತ್ತಿಗೆಗಳ ಬಗ್ಗೆ ಇಂಥ ನಿಯಮ ಯಾರೂ ಬರೆದಿರಲಿಲ್ಲ ಅಷ್ಟೆ.

ಬೀದಿಯ ಕೊನೆಯ ಮನೆಯ ಮಗುವಿನ ಸೊಂಟಕ್ಕೆ ಲಂಗದೊಳಗೆ ಉಳಿದ ಮೊನೆಯೊಂದು ಚುಚ್ಚಿತು. ರಕ್ತವೇನೂ ಹೆಚ್ಚು ಬರಲಿಲ್ಲ, ಆದರೆ ಮಾತು ಹೆಚ್ಚು ಬಂತು. ಆಮೇಲೆ ಒಬ್ಬೊಬ್ಬರಾಗಿ ರೆಡಿಮೇಡ್ ಕಡೆ ಹೊರಟರು. ಮುಂದಿನ ಕೋಣೆಯ ಕನ್ನಡಿ ನಡುಗುವುದು ದಿನಕ್ಕೆ ಒಂದೆರಡು ಸಲಕ್ಕಿಳಿಯಿತು. ತಂಗಿ ಮಷೀನನ್ನು ಒರೆಸುತ್ತ ಕೂರುತ್ತಿದ್ದಳು. ಮಾತು ಕಡಿಮೆ ಮಾಡಿದಳು. ಮಾತಾಡುವ ಹೆಂಗಸು ಬಾಯಿ ಮುಚ್ಚಿದರೆ ಮನೆ ಎಷ್ಟು ಚಿಕ್ಕದಾಗುತ್ತದೆ ಎಂದು ಎರಡು ಕೋಣೆಯಲ್ಲಿ ಬದುಕಿದವರಿಗೆ ಗೊತ್ತು.

ಆಗ ಬಂತು ಬ್ಯಾನರಿನ ಕೆಲಸ. ಸೂಜಿಯ ಸುಂಕದ ಅವಧಿ ಮುಗಿಯುತ್ತ ಬಂದಿತ್ತು. ಮುಂದುವರಿಸಬೇಕೋ ಬೇಡವೋ ಎಂದು ಸರ್ಕಾರ ಯೋಚಿಸುತ್ತಿದೆ ಎಂಬ ಸುದ್ದಿ ಹಬ್ಬಿತು. ಕಂಪನಿಯವರು ಕೆಲಸಗಾರರನ್ನೆಲ್ಲ ಸೇರಿಸಿ ದೊಡ್ಡ ಮೆರವಣಿಗೆ ಮಾಡುವುದೆಂದು ಗೊತ್ತುಮಾಡಿದರು. ಅದಕ್ಕೆ ದಪ್ಪ ಕ್ಯಾನ್ವಾಸಿನ ಬ್ಯಾನರುಗಳು ಬೇಕು. ಎರಡೂ ತುದಿಗೆ ಕೋಲು ತೂರಿಸುವ ಮಡಿಕೆ, ಮೇಲೆ ಕೆಂಪು ಬಟ್ಟೆಯಲ್ಲಿ ಕತ್ತರಿಸಿದ ಅಕ್ಷರಗಳನ್ನು ಕೂರಿಸಿ ಹೊಲಿಗೆ: "ನಮ್ಮ ಸೂಜಿ, ನಮ್ಮ ಹೆಮ್ಮೆ." ಮೇಲಿನವರು ಪಾಲಿಶನ ಹೆಗಲ ಮೇಲೆ ಕೈಯಿಟ್ಟು, ನಿಮ್ಮ ಮನೇಲಿ ಹೊಲೀತಾರಂತಲ್ಲ ಎಂದರಂತೆ. ಅವನು ಹಿಗ್ಗಿ ಹೀರೇಕಾಯಿಯಾಗಿ ಒಪ್ಪಿಕೊಂಡು ಬಂದ. ಬಟ್ಟೆಯ ದೊಡ್ಡ ಸುರುಳಿಯನ್ನು ತಾನೇ ಹೊತ್ತು ತಂದ.

ತಂಗಿಯ ಮುಖ ಎಷ್ಟೋ ತಿಂಗಳ ಮೇಲೆ ಅರಳಿತು. ಮೊದಲ ಬ್ಯಾನರನ್ನು ಮಷೀನಿಗೆ ಕೊಟ್ಟಳು. ಕ್ಯಾನ್ವಾಸಿನ ಮೂರು ಪದರ, ಮೇಲೆ ಅಕ್ಷರದ ಬಟ್ಟೆ. "ನಮ್ಮ" ಮುಗಿಯುವ ಮೊದಲೇ ಒಂದು ಸೂಜಿ ಹೋಯಿತು. "ಸೂಜಿ" ಎನ್ನುವುದಕ್ಕೆ ಎರಡು. "ಹೆಮ್ಮೆ"ಯ ಒತ್ತಕ್ಷರದ ತಿರುವಿಗೆ ಬಂದಾಗ ಒಂದು ಚೂರು ಹಾರಿ ಅವಳ ಹುಬ್ಬಿಗೆ ತಾಗಿತು. ಇನ್ನರ್ಧ ಬೆರಳು ಕೆಳಗಾಗಿದ್ದರೆ ಕಣ್ಣು. ತಂದಿದ್ದ ಪ್ಯಾಕೆಟ್ಟು ಒಂದು ಬ್ಯಾನರಿಗೇ ಖಾಲಿ.

"ಕಂಪನಿಯೋರನ್ನ ಸೂಜಿ ಕೇಳಿ ತನ್ನಿ" ಎಂದಳು ಕಾಲರಕ್ಕ, ತಂಗಿಯ ಹುಬ್ಬು ಒರೆಸುತ್ತ.

"ಏನಂತ ಕೇಳ್ಲಿ ಅಕ್ಕ?" ಪಾಲಿಶನ ಮುಖ ಬಾಡಿತ್ತು. "ನಮ್ಮ ಸೂಜಿ ಹೆಮ್ಮೆ ಅಂತ ಹೊಲಿಯೋಕೆ ಹೋದ್ರೆ ನಮ್ಮ ಸೂಜಿ ಮುರಿಯುತ್ತೆ ಅನ್ಲಾ? ನಾಳೆಯಿಂದ ಕೆಲಸಕ್ಕೆ ಬರಬೇಡ ಅಂತಾರೆ."

"ಹಾಗಾದ್ರೆ ಆಗಲ್ಲ ಅಂತ ವಾಪಸ್ ಕೊಡಿ."

"ಒಪ್ಪಿಕೊಂಡು ಬಂದಿದ್ದೀನಲ್ಲ. ಕೊಟ್ರೂ ಅದೇ ಗತಿ."

ತಂಗಿ ಕೈ ಮಡಿಲಲ್ಲಿಟ್ಟುಕೊಂಡು ಕ್ಯಾನ್ವಾಸನ್ನು ನೋಡುತ್ತ ಕೂತಳು. ಆ ಕೂತ ರೀತಿ ನೋಡಿ ಕಾಲರಕ್ಕನಿಗೆ ತಡೆಯಲಾಗಲಿಲ್ಲ. "ಎರಡು ಮೂರು ಒಳ್ಳೇ ಸೂಜಿ ಇದ್ರೆ ಅಷ್ಟೂ ಮುಗಿಯುತ್ತಲ್ವಾ?" ಎಂದಳು. ತಂಗಿ ತಲೆಯೆತ್ತಿದಳು. ಅಕ್ಕನ ಮಷೀನೂ ತನ್ನ ಮಷೀನೂ ಒಂದೇ ಜಾತಿ, ಒಂದೇ ಸೂಜಿ ಹಿಡಿಯುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಗಾರ್ಮೆಂಟ್ಸಿನ ಸೂಜಿ ಹೊರಗೆ ತಂದದ್ದು ಗೊತ್ತಾದರೆ ಆ ದಿನವೇ ಕೆಲಸ ಹೋಗುತ್ತದೆ ಎಂಬುದೂ ಗೊತ್ತಿತ್ತು.

"ಬೇಡಕ್ಕ" ಎಂದಳು ತಂಗಿ. ಎಂದಳು ಅಷ್ಟೆ, ಎರಡನೇ ಸಲ ಹೇಳಲಿಲ್ಲ.

ಉಪಾಯ ಸುಲಭದ್ದು. ಮನೆಯಲ್ಲಿ ಮುರಿದ ಒಂದೇ ಸೂಜಿಯ ಚೂರುಗಳನ್ನು ಕಾಗದದಲ್ಲಿ ಸುತ್ತಿ ಊಟದ ಡಬ್ಬಿಯ ಅಡಿಯಲ್ಲಿಟ್ಟುಕೊಂಡು ಹೋದಳು. ನಡು ಬೆಳಿಗ್ಗೆ ಮಷೀನು ನಿಲ್ಲಿಸಿ ಕೈ ಎತ್ತಿದಳು. ಕಿಟಕಿಯಲ್ಲಿ ಕೊಟ್ಟಳು. ಮುದುಕ ಬುಡ, ನಡು, ಮೊನೆ ಎಂದು ತಾಗಿಸಿ ನೋಡಿ ಹೊಸದು ಕೊಟ್ಟ. ಯಾವ ದೇಶದ ಸೂಜಿ ಎಂದು ನೋಡುವಷ್ಟು ಅವನ ಕಣ್ಣು ಚುರುಕಿರಲಿಲ್ಲ, ನಿಯಮದಲ್ಲಿ ಅದು ಇರಲೂ ಇಲ್ಲ. ಅವಳ ಮಷೀನಿನ ಸೂಜಿ ಮಷೀನಿನಲ್ಲೇ ಇತ್ತು. ಹೊಸದು ತುರುಬಿನೊಳಗೆ ಹೋಯಿತು. ಗೇಟಿನಲ್ಲಿ ಜೇಬು ತಡವುತ್ತಾರೆ, ಡಬ್ಬಿ ತೆರೆಸುತ್ತಾರೆ, ತಲೆಗೆ ಕೈ ಹಾಕುವುದಿಲ್ಲ. ಇಪ್ಪತ್ತು ವರ್ಷದಲ್ಲಿ ಒಂದು ದಾರದ ತುಂಡು ಕದ್ದವಳಲ್ಲ. ಬೀದಿಗೆ ಬಂದ ಮೇಲೆ ಚರಂಡಿಯ ಪಕ್ಕ ನಿಂತು ಉಗಿದಳು. ಯಾರಿಗೆ ಉಗಿದಳೋ ಅವಳಿಗೇ ಗೊತ್ತಿರಲಿಲ್ಲ.

ಆ ಸೂಜಿ ಹಾಕಿದ್ದೇ ತಂಗಿಯ ಮಷೀನು ಮೊದಲಿನ ಹಾಗೆ ಓಡಿತು. ಕ್ಯಾನ್ವಾಸಿನ ಮೇಲೆ ಮೊಸರಿನ ಮೇಲೆ ಚಮಚ ಎಳೆದಂತೆ ಹೊಲಿಗೆ. "ನಮ್ಮ ಸೂಜಿ ನಮ್ಮ ಹೆಮ್ಮೆ, ನಮ್ಮ ಸೂಜಿ ನಮ್ಮ ಹೆಮ್ಮೆ" ಎಂದು ತಂಗಿ ರಾಗವಾಗಿ ಹೇಳುತ್ತ ಹೊಲಿದಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ಪಾಲಿಶನೂ ನಕ್ಕ. ಅವರ ನಗು ನೋಡಿ ಕಾಲರಕ್ಕನಿಗೂ ಅರ್ಧ ನಗು ಬಂತು. ಬೇರೆಯಾಗಿ ಸುತ್ತಿಟ್ಟಿದ್ದ ಇನ್ನೊಂದು ಮುರಿದ ಸೂಜಿಯ ಚೂರಿಗೆ ಎರಡನೆಯ ಸೂಜಿಯೂ ಹಾಗೇ ಬಂತು. ಕೋಲಿನ ಮಡಿಕೆಯ ಗಂಟಿನಲ್ಲಿ ಮೊದಲನೆಯದು ಮೊಂಡಾಗಿತ್ತು. ಕೊನೆಯ ಕಂತಿನ ಬ್ಯಾನರಿಗೆ ಇನ್ನೊಂದು ಇದ್ದರೆ ನಿಶ್ಚಿಂತೆ ಎಂದುಕೊಂಡರು.

ಆ ಬೆಳಿಗ್ಗೆ ಸುತ್ತಿಟ್ಟ ಚೂರು ಇರಲಿಲ್ಲ, ಏಕೆಂದರೆ ಒಳ್ಳೇ ಸೂಜಿ ಬಂದ ಮೇಲೆ ಮನೆಯಲ್ಲಿ ಮುರಿದಿದ್ದೇ ಇಲ್ಲ. ಬಸ್ಸಿಗೆ ಹೊತ್ತಾಗಿತ್ತು. ಕಾಲರಕ್ಕ ತಗಡಿನ ಡಬ್ಬಿಗೆ ಬೆರಳು ಹಾಕಿ ಮೂರು ಚೂರು ಆರಿಸಿ, ಅಂಗೈ ಮೇಲೆ ಉದ್ದಕ್ಕೆ ಇಟ್ಟು, ಒಂದು ಸೂಜಿಯಷ್ಟಾಯಿತೆಂದು ನೋಡಿ ಕಾಗದಕ್ಕೆ ಸುತ್ತಿದಳು. ಉದ್ದ ನೋಡಿದಳು, ಅಷ್ಟೇ ನೋಡಿದಳು.

ಕಿಟಕಿಯ ಮುದುಕ ಚೂರುಗಳನ್ನು ಬಿಳಿ ಕಾಗದದ ಮೇಲೆ ತಾಗಿಸಿದ. ತಿರುಗಿಸಿ ತಾಗಿಸಿದ. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡ.

"ಏನಮ್ಮ ಇದು? ಈ ಕಡೆನೂ ಮೊನೆ, ಆ ಕಡೆನೂ ಮೊನೆ. ಬುಡ ಎಲ್ಲಿ?"

ಮುದುಕ ಕೆಟ್ಟವನಲ್ಲ. ಅವಳ ಮುಖ ನೋಡುತ್ತಲೇ ಗಂಟೆಗೆ ಕೈ ಚಾಚಿದ, ಗಂಟೆ ಹೊಡೆಯದಿದ್ದರೆ ಹೋಗುವುದು ಅವನ ಕೆಲಸ. ಎರಡು ಮೊನೆ ಎಂದರೆ ಎರಡು ಸೂಜಿ ಮುರಿದಿದೆ, ಎರಡು ಬುಡ ಕಾಣೆ. ಚೂರು ಯಾವ ಅಂಗಿಯಲ್ಲಿದೆಯೋ ದೇವರಿಗೇ ಗೊತ್ತು. ಸಾಲಿನ ಮಷೀನುಗಳೆಲ್ಲ ಒಂದೊಂದಾಗಿ ನಿಂತವು.

ಆಮೇಲೆ ನಡೆದದ್ದನ್ನು ಹೇಳಲಿಕ್ಕೂ ಅಸಹ್ಯ. ಸಂಜೆಯ ಲಾರಿಗೆ ಹೋಗಬೇಕಾದ ಮಾಲನ್ನೆಲ್ಲ ಇಳಿಸಿ ನೆಲಕ್ಕೆ ಸುರಿದರು. ಇಡೀ ಸಾಲಿನ ಹೆಂಗಸರು ಮಂಡಿಯೂರಿ, ಅಯಸ್ಕಾಂತದ ಕೋಲು ಹಿಡಿದು, ಮಷೀನಿನ ಅಡಿಯ ದೂಳಿನಲ್ಲಿ, ನೂಲಿನ ಕಸದಲ್ಲಿ ತಡಕಾಡಿದರು. ಸಿಗುವ ತನಕ ಯಾರಿಗೂ ಊಟವಿಲ್ಲ, ಲಾರಿ ತಪ್ಪಿದರೆ ಎಲ್ಲರ ದಿನದ ಕೂಲಿ ಕಟ್ ಎಂದು ಸೂಪರ್‌ವೈಸರ್ ಕಿರುಚುತ್ತಿದ್ದ. ಇಲ್ಲದ ಚೂರನ್ನು ಹುಡುಕುವುದೆಂದರೆ ಅದಕ್ಕೆ ಕೊನೆಯುಂಟೇ? ಕಾಲರಕ್ಕನೂ ಮಂಡಿಯೂರಿ ಹುಡುಕಿದಳು. ಹುಡುಕುವ ನಾಟಕ ಮಾಡಿದಳು. ಸುಮ್ಮನಿದ್ದುಬಿಟ್ಟರೆ ಯಾವುದೂ ರುಜುವಾಗುವುದಿಲ್ಲ, ನಾಳೆಗೆ ಎಲ್ಲರೂ ಮರೆಯುತ್ತಾರೆ ಎಂದು ಮನಸ್ಸು ಹೇಳುತ್ತಿತ್ತು.

ಅವಳ ಪಕ್ಕದ ಮಷೀನಿನಲ್ಲಿ ತೋಳು ಕೂರಿಸುವವಳು, ಆರು ತಿಂಗಳ ಬಸುರಿ. ಅವಳೂ ಕೈಕಾಲು ಊರಿ ನೆಲ ತಡವುತ್ತಿದ್ದಳು. ಬೆಳಿಗ್ಗೆ ಅವಳೂ ಸೂಜಿ ಬದಲಾಯಿಸಿದ್ದಳು ಎಂದು ಯಾರೋ ಅಂದರು. ಸೂಪರ್‌ವೈಸರ್ ಬಂದು ಅವಳ ತಲೆಯ ಮೇಲೆ ನಿಂತ.

"ನೀನೇ ಅಲ್ವಾ? ಬುಡ ಸಿಗಲಿಲ್ಲ ಅಂತ ಇವಳ ಬುಡ ತಗೊಂಡು ನಿನ್ನ ಮೊನೆ ಸೇರಿಸಿಬಿಟ್ಟೆಯಾ? ಬಾಯಿ ಬಿಡು."

"ಇಲ್ಲ ಸಾರ್, ನನ್ನದು ಪೂರ್ತಿ ಕೊಟ್ಟಿದ್ದೀನಿ" ಎಂದು ಅವಳು ಮೇಲೇಳಲು ನೋಡಿದಳು. ಹೊಟ್ಟೆಯ ಭಾರಕ್ಕೆ ಏಳಲಾಗದೆ ಮಷೀನಿನ ಕಾಲು ಹಿಡಿದುಕೊಂಡಳು.

ಕಾಲರಕ್ಕ ಎದ್ದು ನಿಂತಳು. ಮಂಡಿಗೆ ಅಂಟಿದ ನೂಲು ಕೊಡವಿಕೊಂಡಳು.

"ಯಾರೂ ಹುಡುಕಬೇಡಿ" ಎಂದಳು. "ಅದು ಇಲ್ಲಿಲ್ಲ. ನಮ್ಮ ಮನೇಲಿದೆ."

ಮ್ಯಾನೇಜರನ ಕೋಣೆಯಲ್ಲಿ ತಣ್ಣಗಿತ್ತು. ಮೇಜಿನ ಹಿಂದಿನ ಗೋಡೆಗೆ ಹೆಚ್ಚು ರಫ್ತು ಮಾಡಿದ್ದಕ್ಕೆ ಸರ್ಕಾರ ಕೊಟ್ಟ ಹಿತ್ತಾಳೆಯ ಫಲಕ. ಮ್ಯಾನೇಜರ್ ಬೈಯಲಿಲ್ಲ. ಈ ಸೂಜಿಗಳು ಸುಂಕವಿಲ್ಲದೆ ಬಂದಿವೆ, ರಫ್ತಿನ ಅಂಗಿ ಬಿಟ್ಟು ಬೇರೆಯದಕ್ಕೆ ಬಳಸಿದರೆ ಅದು ಕಳ್ಳಸಾಗಣೆ, ಪೊಲೀಸಿಗೆ ಕೊಡಬಹುದು ಎಂದು ತಾಳ್ಮೆಯಿಂದ ತಿಳಿಸಿದ. ಎರಡು ಸೂಜಿಯ ಕಳ್ಳಸಾಗಣೆದಾರಳು ಕೈ ಕಟ್ಟಿ ನಿಂತು ಕೇಳಿಸಿಕೊಂಡಳು.

"ಇಷ್ಟು ವರ್ಷ ಇದ್ದವಳು ಇದ್ಯಾಕಮ್ಮ ಮಾಡಿದೆ? ಮಾರೋಕಾ?"

"ಇಲ್ಲ ಸಾರ್. ಬ್ಯಾನರ್ ಹೊಲಿಯೋಕೆ."

"ಯಾವ ಬ್ಯಾನರು?"

"ಸೂಜಿ ಕಂಪನಿಯೋರದು. ಮೆರವಣಿಗೇದು."

"ಏನಂತ ಬರೆದಿದೆ?"

ಅವಳು ಹೇಳಿದಳು. ಮ್ಯಾನೇಜರ್ ಒಂದು ಕ್ಷಣ ಅವಳನ್ನೇ ನೋಡಿದ. ಆಮೇಲೆ ನಗತೊಡಗಿದ. ಕುರ್ಚಿಗೆ ಒರಗಿ, ಮೇಜು ತಟ್ಟಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕ. ಪಕ್ಕದ ಕೋಣೆಯವನನ್ನು ಕರೆದು ಅವಳ ಬಾಯಿಂದಲೇ ಇನ್ನೊಮ್ಮೆ ಹೇಳಿಸಿದ. ಅವನೂ ನಕ್ಕ. ಅಷ್ಟು ನಗಿಸಿದ್ದಕ್ಕೆ ಬಿಟ್ಟಾನೇನೋ ಎಂಬ ಆಸೆ ಕಾಲರಕ್ಕನಿಗೆ ಬಂದದ್ದು ನಿಜ, ಆ ಆಸೆ ಬಂದದ್ದಕ್ಕೇ ಆಮೇಲೆ ಅವಳು ತನ್ನನ್ನು ತಾನು ಹೆಚ್ಚು ಬೈದುಕೊಂಡಳು. ಕಣ್ಣೊರೆಸಿಕೊಂಡು ಮ್ಯಾನೇಜರ್ ರಾಜೀನಾಮೆಯ ಕಾಗದ ಮುಂದೆ ತಳ್ಳಿದ. ಪೊಲೀಸಿಗೆ ಕೊಡದಿರುವುದೇ ತನ್ನ ದೊಡ್ಡತನ ಎಂದ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಸೂಜಿಗೆ ಹೋದದ್ದು ಯಾವ ಪ್ರಾಣಿ ಕೊಟ್ಟರೆ ಬಂದೀತು? ಊರಿನ ಬೇರೆ ಗಾರ್ಮೆಂಟ್ಸುಗಳಿಗೆಲ್ಲ ಸುದ್ದಿ ಅವಳಿಗಿಂತ ಮೊದಲೇ ಹೋಗಿ ಕೂತಿತ್ತು. ಗೇಟಿನಲ್ಲಿ ಅವಳನ್ನು ಕಂಡರೆ, "ಓ, ಬ್ಯಾನರಿನವಳಾ?" ಎಂದು ಕಾವಲಿನವರೇ ಹಲ್ಲು ಕಿರಿಯುತ್ತಿದ್ದರು.

ಮೆರವಣಿಗೆ ಮಾತ್ರ ಬಹಳ ಚೆನ್ನಾಗಿ ಆಯಿತು. ಉಳಿದ ಬ್ಯಾನರುಗಳನ್ನು ತಂಗಿ ಎರಡನೇ ಸೂಜಿಯಲ್ಲೇ ಅಳುತ್ತ ಹೊಲಿದು ಮುಗಿಸಿದ್ದಳು. ಕಾಲರಕ್ಕ ಅಂಗಡಿಯೊಂದರ ಮೆಟ್ಟಿಲ ಮೇಲೆ ನಿಂತು ನೋಡಿದಳು. ಮುಂದಿನ ಸಾಲಿನಲ್ಲೇ ಪಾಲಿಶ್ ಕೋಲು ಹಿಡಿದು, ಅವಳನ್ನು ಕಂಡು ತಲೆ ತಗ್ಗಿಸಿ ನಡೆದ. ಅಕ್ಷರಗಳು ಗಾಳಿಗೆ ಒಂದು ನೂಲೂ ಬಿಡದೆ ನಿಂತಿದ್ದವು. "ನೋಡಿ, ಎಂಥ ಹೊಲಿಗೆ. ನಮ್ಮವರ ಸೂಜಿ ಆಗಲ್ಲ ಅಂದೋರ್ಯಾರು?" ಎಂದ ಪಕ್ಕದಲ್ಲಿ ನಿಂತವನೊಬ್ಬ. ಅವಳಿಗೆ ಉಗಿಯಲಿಕ್ಕೂ ಬಾಯಲ್ಲಿ ನೀರಿರಲಿಲ್ಲ.

ಸುಂಕ ಇನ್ನೂ ಕೆಲವು ವರ್ಷಕ್ಕೆ ಮುಂದುವರಿಯಿತು. ಅದರ ಮೇಲೊಂದು ಉಡುಗೊರೆ. ಸೂಜಿ ಕಂಪನಿಯವರೂ ಹೊರಗೆ ಮಾರಲಿ, ಹೊರಗೆ ಮಾರಿದ ಪ್ರತಿ ಪೆಟ್ಟಿಗೆಗೂ ಸರ್ಕಾರ ಕೈಯಿಂದ ಇಷ್ಟು ಹಣ ಕೊಡುತ್ತದೆ ಎಂದರು. ಕಂಪನಿಯಲ್ಲಿ ಕೆಲಸ ಹೆಚ್ಚಿತು, ಜನ ಬೇಕಾದರು. ಪಾಲಿಶ್ ಮೇಲಿನವರ ಕೈಕಾಲು ಹಿಡಿದು ಕಾಲರಕ್ಕನಿಗೂ ಒಂದು ಜಾಗ ಮಾಡಿಸಿದ. ತಿಂಗಳುಗಟ್ಟಲೆ ತಂಗಿಯ ಮನೆಯಲ್ಲಿ ಕೂತು ಉಂಡವಳಿಗೆ ಬೇಡವೆನ್ನುವ ಬಾಯಿ ಉಳಿದಿರಲಿಲ್ಲ.

ಅವಳನ್ನು ಸೂಜಿ ಆರಿಸುವ ಮೇಜಿಗೆ ಹಾಕಿದರು. ಮುಂದೆ ಇಳಿಜಾರಾದ ಗಾಜು. ಮೇಲಿನಿಂದ ಸೂಜಿ ಉರುಳಿಸಬೇಕು. ನೆಟ್ಟಗಿದ್ದದ್ದು ನೆಟ್ಟಗೆ ಉರುಳುತ್ತದೆ, ಸೊಟ್ಟಗಿದ್ದದ್ದು ಕುಡುಕನ ಹಾಗೆ ತೂರಾಡುತ್ತದೆ. ಕೆಳಗೆ ಎರಡು ಡಬ್ಬಿ, ನೀಲಿ ಒಂದು, ಕಂದು ಒಂದು.

"ನೆಟ್ಟಗಿರೋದು ನೀಲಿಗೆ ಹಾಕಿ, ಅದು ಹೊರಗೆ ಹೋಗುತ್ತೆ" ಎಂದ ಮೇಸ್ತ್ರಿ. "ತೂರಾಡೋದು ಕಂದಿಗೆ. ಅದು ಇಲ್ಲಿ ಅಂಗಡಿಗಳಿಗೆ."

"ತೀರಾ ಸೊಟ್ಟಗಿದ್ರೆ? ಬಿಸಾಕೋದಾ?"

"ಬಿಸಾಕೋದ್ಯಾಕೆ? ಕಂದಿಗೇ ಹಾಕಿ. ಇಲ್ಲಿಯವರೇನು ವಾಪಸ್ ತಂದುಕೊಡ್ತಾರಾ?"

ಮನೆಗೆ ಮಾರಿ, ಪರರಿಗೆ ಉಪಕಾರಿ ಎಂಬ ಗಾದೆಯನ್ನು ಅವಳು ಚಿಕ್ಕಂದಿನಿಂದ ಕೇಳಿದ್ದಳು. ಅದಕ್ಕೊಂದು ಫ್ಯಾಕ್ಟರಿ ಕಟ್ಟಿ, ಸಂಬಳ ಕೊಟ್ಟು ಮಾಡಿಸುತ್ತಾರೆಂದು ತಿಳಿದಿರಲಿಲ್ಲ. ಮೊದಲ ದಿನ ಮಧ್ಯಾಹ್ನದ ಊಟವನ್ನು ಹಾಗೇ ವಾಪಸ್ ತಂದಳು. ಎರಡನೆಯ ದಿನ ಅರ್ಧ ತಿಂದಳು. ವಾರ ಕಳೆಯುವಷ್ಟರಲ್ಲಿ ಪೂರ್ತಿ ತಿಂದಳು. ಕೈ ಮಾತ್ರ ಕೇಳಬೇಡಿ, ಎಷ್ಟೋ ವರ್ಷ ಸೂಜಿಯ ಜೊತೆ ಬಾಳಿದ ಕೈ. ಗಾಜು ಮುಟ್ಟುವ ಮೊದಲೇ ಇದು ನೀಲಿ, ಇದು ಕಂದು ಎಂದು ಅದಕ್ಕೆ ತಿಳಿಯುತ್ತಿತ್ತು. ಮೇಸ್ತ್ರಿ ಮೆಚ್ಚಿ, ಹೊಸಬರನ್ನು ಕರೆತಂದು ಅವಳ ಮೇಜಿನ ಪಕ್ಕ ನಿಲ್ಲಿಸಿ ತೋರಿಸಿದ. ಹಾಳು ಮನಸ್ಸಿಗೆ ಅದರಲ್ಲೂ ಒಂದು ಚಿಟಿಕೆ ಸುಖವಾಯಿತು. ಥೂ ಎಂದುಕೊಂಡಳು, ಮತ್ತೆ ಆರಿಸಿದಳು.

ತಿಂಗಳ ಕೊನೆಗೆ ಕೆಲಸಗಾರರಿಗೆಲ್ಲ ಒಂದೊಂದು ಪ್ಯಾಕೆಟ್ ಸೂಜಿ ಬಿಟ್ಟಿ ಕೊಟ್ಟರು. ಕಂದು ಪ್ಯಾಕೆಟ್ಟು. ಅದನ್ನು ಮನೆಗೆ ತಂದು ತಂಗಿಯ ಮಷೀನಿನ ಮೇಲಿಟ್ಟಳು. ಅಪರೂಪಕ್ಕೆ ಅಂದು ತಂಗಿಗೆ ಕೆಲಸ ಬಂದಿತ್ತು. ಹಳೇ ಗಿರಾಕಿಯೊಬ್ಬಳು ಕೈಗೂಸಿನ ಅಂಗಿ ಹೊಲಿಯಲು ಕೊಟ್ಟು, ಸಂಜೆ ಬಂದು ಒಯ್ಯುತ್ತೇನೆ ಎಂದು ಹೋಗಿದ್ದಳು. ತಂಗಿ ಹೊಸ ಸೂಜಿ ಹಾಕಿ ಪೆಡಲ್ ಒತ್ತಿದಳು. ಎರಡನೇ ಹೊಲಿಗೆಯ ಕೊನೆಗೆ ಟಕ್.

ತಂಗಿ ಮಷೀನು ನಿಲ್ಲಿಸಿದಳು. ಬುಡ ಮಷೀನಿನಲ್ಲೇ ಇತ್ತು, ಮೊನೆ ಕಾಣಲಿಲ್ಲ. ಅಂಗಿ ತೆಗೆದು ಮಡಿಲಲ್ಲಿ ಹರಡಿಕೊಂಡು, ಪ್ಯಾಕೆಟ್ಟಿನಿಂದ ಇನ್ನೊಂದು ಸೂಜಿ ತೆಗೆದು ಅಕ್ಕನ ಕಡೆ ಹಿಡಿದಳು.

"ಅಕ್ಕ, ಇದು ಮುರಿಯುತ್ತೆ ಅಂತ ಮುಟ್ಟಿದ್ರೆ ಗೊತ್ತಾಗುತ್ತಾ ನಿಂಗೆ?"

ಕಾಲರಕ್ಕ ಕೈಗೆ ತೆಗೆದುಕೊಳ್ಳದೆಯೇ ನೋಡಿದಳು. "ಗೊತ್ತಾಗುತ್ತೆ."

"ಗೊತ್ತಿದ್ದೂ ಕಂದು ಡಬ್ಬಿಗೆ ಹಾಕ್ತೀಯಾ?"

"ಹಾಕ್ತೀನಿ. ಅದಕ್ಕೇ ಅಲ್ವಾ ಸಂಬಳ ಕೊಡೋದು."

ತಂಗಿ ಮೊನೆ ಹುಡುಕುತ್ತ ಕೂಸಿನ ಅಂಗಿಯ ಅಂಚನ್ನು ಬೆರಳ ತುದಿಯಲ್ಲಿ ಇಂಚು ಇಂಚಾಗಿ ತಡವತೊಡಗಿದಳು. ಕಾಲರಕ್ಕ ಪಕ್ಕ ಕೂತು, ತೋಳಿನ ಕಡೆಯಿಂದ ಹುಡುಕೋಣವೆಂದು ಬಟ್ಟೆಗೆ ಕೈ ಹಾಕಿದಳು.

"ನೀನು ಬಿಡಕ್ಕ" ಎಂದಳು ತಂಗಿ, ತಲೆಯೆತ್ತದೆ. "ನಾನೇ ಹುಡುಕ್ತೀನಿ." ಅಂಗಿಯನ್ನು ತನ್ನ ಕಡೆಗೆ ಎಳೆದುಕೊಂಡಳು.